ಬಣ್ಣ ಹಚ್ಚಿದ ಒಥೆಲೊ, ಹಚ್ಚದ ಒಥೆಲೊ

(ರಂಗಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

1833ನೇ ಇಸವಿ ಮಾರ್ಚ್ 25ರ ರಾತ್ರಿ. ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಶೇಕ್ಸ್‌ಪಿಯರನ ‘ಒಥೆಲೊ’ ನಡೆಯುತ್ತಿತ್ತು. ಒಥೆಲೊ ಆಗಿ ನಿಂತವನು ಎಡ್ಮಂಡ್ ಕೀನ್, ಆ ಕಾಲದ ಇಂಗ್ಲೆಂಡಿನ ಅತಿ ದೊಡ್ಡ ನಟ. ಎದುರಿಗೆ ಇಯಾಗೊ ಪಾತ್ರದಲ್ಲಿ ಅವನ ಮಗ ಚಾರ್ಲ್ಸ್. ನಾಟಕದ ನಡುವೆಯೇ ಕೀನ್ ಕುಸಿದು ಮಗನ ತೋಳಿಗೆ ಒರಗಿದ. ‘ದೇವರೇ, ನಾನು ಸಾಯ್ತಾ ಇದ್ದೀನಿ, ನನ್ನ ಪರವಾಗಿ ನೀನೇ ಜನರ ಹತ್ತಿರ ಮಾತಾಡು’ ಅಂದನಂತೆ. ಆಮೇಲೆ ಅವನು ರಂಗ ಹತ್ತಲಿಲ್ಲ. ಮೇ 15ಕ್ಕೆ ತೀರಿಕೊಂಡ.

ಈ ಘಟನೆಗೆ ಹದಿನಾರು ದಿನ ತುಂಬುವ ಹೊತ್ತಿಗೆ, ಏಪ್ರಿಲ್ 10ರಂದು, ಅದೇ ರಂಗಮಂದಿರದಲ್ಲಿ ಅದೇ ಪಾತ್ರ ಮಾಡಲು ಇನ್ನೊಬ್ಬ ನಟ ಬಂದ. ಇಪ್ಪತ್ತೈದು ವರ್ಷದ ಹುಡುಗ, ಹೆಸರು ಐರಾ ಆಲ್ಡ್ರಿಜ್. ನ್ಯೂಯಾರ್ಕಿನಲ್ಲಿ ಹುಟ್ಟಿದವನು. ಕಪ್ಪು ಮನುಷ್ಯ. ಒಥೆಲೊ ಆಗಲು ಅವನಿಗೆ ಮುಖಕ್ಕೆ ಬಣ್ಣ ಹಚ್ಚಬೇಕಾಗಿರಲಿಲ್ಲ.

ಅವನು ಅಲ್ಲಿ ಆಡಿದ್ದು ಎರಡೇ ಪ್ರದರ್ಶನ. ಒಂದು 10ರಂದು, ಇನ್ನೊಂದು 12ರಂದು. ಈ ಎರಡು ರಾತ್ರಿಗಳ ಸುತ್ತ ಲೋಲಿತಾ ಚಕ್ರಬರ್ತಿ ಇಂಗ್ಲಿಷಿನಲ್ಲಿ ಬರೆದ ನಾಟಕ ‘ರೆಡ್ ವೆಲ್ವೆಟ್’. ಬಂಗಾಳಿ ಮೂಲದ, ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದ ನಟಿ, ನಾಟಕಕಾರ್ತಿ ಅವರು. 2012ರಲ್ಲಿ ಲಂಡನ್ನಿನ ಟ್ರೈಸಿಕಲ್ ರಂಗಮಂದಿರದಲ್ಲಿ ಇಂದು ರುಬಸಿಂಗಂ ನಿರ್ದೇಶನದಲ್ಲಿ ಇದು ಮೊದಲು ಪ್ರದರ್ಶನ ಕಂಡಿತು. ಐರಾ ಪಾತ್ರ ಮಾಡಿದವರು ಲೋಲಿತಾ ಅವರ ಪತಿ ಏಡ್ರಿಯನ್ ಲೆಸ್ಟರ್. ಮರುವರ್ಷವೇ ಅವರು ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಒಥೆಲೊ ಆಗಿಯೂ ನಿಂತರು. ಇವತ್ತು ನಾನು ಮಾತಾಡಬೇಕೆಂದಿರುವುದು ಈ ನಾಟಕದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರೊಳಗಿನ ಒಂದೇ ಒಂದು ಸಂಗತಿಯ ಬಗ್ಗೆ. ರಂಗದ ಮೇಲೆ ಒಬ್ಬ ಕಪ್ಪು ನಟ ಒಬ್ಬ ಬಿಳಿ ನಟಿಯ ಕೈ ಹಿಡಿಯುವುದು. ಇಷ್ಟೇ. ಈ ಒಂದು ಕೈ ಹಿಡಿಯುವಿಕೆಯಿಂದ ಎಷ್ಟು ದೊಡ್ಡ ರಾದ್ಧಾಂತ ಆಯಿತು ನೋಡಿ.

ಮೊದಲು ಆ ಹುಡುಗನ ಹಂಬಲ ಎಂಥದ್ದು ಅನ್ನುವುದು ನಮಗೆ ಗೊತ್ತಾಗಬೇಕು.

ಆಗ ಲಂಡನ್ನಿನಲ್ಲಿ ಅಪ್ಪಟ ಮಾತಿನ ನಾಟಕವನ್ನು ಆಡುವ ಪರವಾನಗಿ ವರ್ಷವಿಡೀ ಇದ್ದದ್ದು ಎರಡೇ ರಂಗಮಂದಿರಗಳಿಗೆ, ಡ್ರೂರಿ ಲೇನ್ ಮತ್ತು ಕೋವೆಂಟ್ ಗಾರ್ಡನ್. ಮಿಕ್ಕವರು ಶೇಕ್ಸ್‌ಪಿಯರನನ್ನು ಆಡಬೇಕಾದರೆ ನಡುನಡುವೆ ಹಾಡು ಕುಣಿತ ಸೇರಿಸಿ ಕಾನೂನಿನ ಕಣ್ಣು ತಪ್ಪಿಸಬೇಕಿತ್ತು. 1843ರಲ್ಲಿ ಕಾಯಿದೆ ಬದಲಾಗುವ ತನಕ ಇದೇ ಸ್ಥಿತಿ. ಹಾಗಾಗಿ ಊರೂರು ತಿರುಗಿ ಎಷ್ಟೇ ಚಪ್ಪಾಳೆ ಗಿಟ್ಟಿಸಿದರೂ ಕೋವೆಂಟ್ ಗಾರ್ಡನ್ನಿನ ಹಲಗೆಯ ಮೇಲೆ ನಿಲ್ಲದವನನ್ನು ನಟ ಅಂತ ದೇಶ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಐರಾನ ತಂದೆ ಡೇನಿಯಲ್, ಹುಲ್ಲು ಮಾರುತ್ತಿದ್ದವನು, ಚರ್ಚಿನಲ್ಲಿ ಬೋಧನೆಯನ್ನೂ ಮಾಡುತ್ತಿದ್ದವನು. ಮಗನೂ ಪಾದ್ರಿಯಾಗಲಿ ಎಂದು ಅವನ ಆಸೆ. ಮಗ ಓದಿದ್ದು ನ್ಯೂಯಾರ್ಕಿನ ಆಫ್ರಿಕನ್ ಫ್ರೀ ಸ್ಕೂಲಿನಲ್ಲಿ. ಮನಸ್ಸು ಇದ್ದದ್ದು ನಾಟಕದಲ್ಲಿ. 1821ರಲ್ಲಿ ವಿಲಿಯಂ ಅಲೆಕ್ಸಾಂಡರ್ ಬ್ರೌನ್ ಎಂಬ ಕಪ್ಪು ಮನುಷ್ಯ ಅದೇ ಊರಿನಲ್ಲಿ ಆಫ್ರಿಕನ್ ಗ್ರೋವ್ ಎಂಬ ರಂಗಮಂದಿರ ಕಟ್ಟಿದ್ದ. ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ಅವನು. ಅಲ್ಲಿ ಕಪ್ಪು ನಟರು ‘ಮೂರನೇ ರಿಚರ್ಡ್’ ಆಡಿದರು. ನೋಡಲು ಬರುವ ಬಿಳಿಯರಿಗೆ ಹಿಂದುಗಡೆ ಬೇರೆಯೇ ಜಾಗ ಮಾಡಲಾಗಿತ್ತು, ಅವರು ಗಲಾಟೆ ಮಾಡುತ್ತಾರೆ ಎಂದು! ಆ ರಂಗಮಂದಿರದ ಮೇಲೆ ಪೊಲೀಸರು ಎರಗಿದರು, ಪುಂಡರು ಎರಗಿದರು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ಆ ವಾತಾವರಣದಲ್ಲಿ ಬೆಳೆದ ಹುಡುಗ ಹದಿನೇಳರ ಹೊತ್ತಿಗೆ ಅಮೆರಿಕದಲ್ಲಿ ತನಗೆ ರಂಗಭೂಮಿ ಇಲ್ಲ ಎಂದು ತೀರ್ಮಾನಿಸಿ 1824ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಬಂದ.

1825ರಲ್ಲಿ ಲಂಡನ್ನಿನ ಕೋಬರ್ಗ್ ರಂಗಮಂದಿರದಲ್ಲಿ ಆಡಿದ. ಇವತ್ತಿನ ಓಲ್ಡ್ ವಿಕ್ ಅದೇ. ಅವನ ತುಟಿಗಳ ಆಕಾರದಿಂದಾಗಿ ಇಂಗ್ಲಿಷ್ ಉಚ್ಚರಿಸುವುದು ಅವನಿಗೆ ಸಾಧ್ಯವೇ ಇಲ್ಲ ಎಂದು ‘ಟೈಮ್ಸ್’ ಪತ್ರಿಕೆ ಬರೆಯಿತು. ಅದೇ ವರ್ಷ ಅವನು ಯಾರ್ಕ್‌ಶೈರಿನ ಬಿಳಿ ಹೆಣ್ಣುಮಗಳು ಮಾರ್ಗರೆಟ್ ಗಿಲ್‌ಳನ್ನು ಮದುವೆಯಾದ. ಆಮೇಲೆ ಎಂಟು ವರ್ಷ ಊರೂರು ತಿರುಗಾಟ. 1828ರಲ್ಲಿ, ಇನ್ನೂ ಇಪ್ಪತ್ತರ ಹರೆಯ, ಕೋವೆಂಟ್ರಿ ನಗರದ ರಂಗಮಂದಿರದ ವ್ಯವಸ್ಥಾಪಕನಾದ. ಅವನ ಮಾತು ಕೇಳಿ, ನಾಟಕ ನೋಡಿ, ಆ ಊರಿನ ಜನ ಗುಲಾಮಗಿರಿ ರದ್ದಾಗಲಿ ಎಂದು ಪಾರ್ಲಿಮೆಂಟಿಗೆ ಅರ್ಜಿ ಕಳಿಸಿದರು. ಪ್ರದರ್ಶನದ ಕೊನೆಯಲ್ಲಿ ಅವನು ಪರದೆಯ ಮುಂದೆ ಬಂದು ಗುಲಾಮಗಿರಿಯ ಬಗ್ಗೆ ನೇರವಾಗಿ ಮಾತಾಡುತ್ತಿದ್ದ. ಇದರ ಜೊತೆಗೆ ತಾನು ಆಫ್ರಿಕದ ಸೆನೆಗಲ್ ಕಡೆಯ ರಾಜಮನೆತನದವನು ಎಂಬ ಕತೆಯನ್ನೂ ಚಾಲ್ತಿಗೆ ಬಿಟ್ಟಿದ್ದ. ಹುಲ್ಲು ಮಾರುವವನ ಮಗನನ್ನು ನೋಡಲು ಬಾರದವರು ರಾಜಕುಮಾರನನ್ನು ನೋಡಲು ಬರುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಇದನ್ನು ಸುಳ್ಳು ಎಂದು ತೂಗುವ ಮೊದಲು ಆ ಹುಡುಗನಿಗೆ ಬೇರೆ ಯಾವ ಬಾಗಿಲು ತೆರೆದಿತ್ತು ಎಂದು ಕೇಳಿಕೊಳ್ಳಬೇಕು.

ಇನ್ನು ಒಥೆಲೊ. ನಿಮಗೆಲ್ಲ ಕತೆ ಗೊತ್ತು. ವೆನಿಸ್ಸಿನ ಸೇನಾಪತಿ, ಕಪ್ಪು ಮನುಷ್ಯ. ಡೆಸ್ಡಿಮೋನ ಅವನನ್ನು ಮೆಚ್ಚಿ ತಂದೆಗೆ ಹೇಳದೆ ಮದುವೆಯಾಗುತ್ತಾಳೆ. ತನ್ನ ಮಗಳು ಇವನನ್ನು ಒಪ್ಪಿದ್ದು ಮಾಟಮಂತ್ರದಿಂದಲೇ ಇರಬೇಕು ಎಂದು ತಂದೆ ದೂರು ಕೊಡುತ್ತಾನೆ. ತನಗೆ ಬರಬೇಕಾದ ಬಡ್ತಿ ಕ್ಯಾಸಿಯೊ ಎಂಬ ಇನ್ನೊಬ್ಬನಿಗೆ ಹೋಯಿತೆಂಬ ಕಿಚ್ಚಿನಲ್ಲಿ ಒಥೆಲೊನ ಕೈಕೆಳಗಿನ ಇಯಾಗೊ ಒಂದು ಕರವಸ್ತ್ರ ಹಿಡಿದುಕೊಂಡು ಇಡೀ ಸಂಸಾರಕ್ಕೆ ಬೆಂಕಿ ಇಡುತ್ತಾನೆ. ಹೆಂಡತಿಯನ್ನು ಶಂಕಿಸಿದ ಒಥೆಲೊ ಕೊನೆಗೆ ಅವಳನ್ನು ಮಂಚದ ಮೇಲೆಯೇ ಕೊಲ್ಲುತ್ತಾನೆ. ಈ ನಾಟಕವನ್ನು ಇಂಗ್ಲೆಂಡು 1604ರಿಂದ ಆಡುತ್ತಾ ಬಂದಿತ್ತು. ಎರಡು ಶತಮಾನಕ್ಕೂ ಮೇಲ್ಪಟ್ಟು ಒಥೆಲೊ ಅಂದರೆ ಮಸಿ ಬಳಿದುಕೊಂಡ ಬಿಳಿ ನಟ. 1660ರಲ್ಲಿ ಇಂಗ್ಲಿಷ್ ವೃತ್ತಿರಂಗಭೂಮಿಯ ಮೇಲೆ ಮೊದಲ ಬಾರಿಗೆ ಒಬ್ಬ ಹೆಣ್ಣುಮಗಳು ಹೆಣ್ಣು ಪಾತ್ರ ಮಾಡಿದಾಗ ಆ ಪಾತ್ರ ಡೆಸ್ಡಿಮೋನ. ಅಲ್ಲಿಗೆ ನಿಜವಾದ ಹೆಣ್ಣು ಬಂದಳು, ನಿಜವಾದ ಕಪ್ಪು ಗಂಡಸು ಬರಲಿಲ್ಲ. ಅವಳು ಬಂದ ಮೇಲೆ ಅವನು ಬರುವುದು ಇನ್ನೂ ಕಷ್ಟವಾಯಿತು ಅಂತ ನನಗನ್ನಿಸುತ್ತದೆ. ಯಾಕೆಂದರೆ ಈಗ ಆ ಮಂಚದ ಮೇಲೆ ಮಲಗಿರುವುದು ನಿಜವಾದ ಬಿಳಿ ಹೆಣ್ಣು.

ಹತ್ತೊಂಬತ್ತನೇ ಶತಮಾನದ ಆರಂಭಕ್ಕೆ ಆ ಮಸಿಯೂ ಭಾರವಾಗತೊಡಗಿತು. ಚಾರ್ಲ್ಸ್ ಲ್ಯಾಂಬ್ ಎಂಬ ಪ್ರಬಂಧಕಾರ, ಓದುವಾಗ ಒಥೆಲೊನ ಮನಸ್ಸು ಕಾಣುತ್ತದೆ, ರಂಗದ ಮೇಲೆ ಅವನ ಮೈಬಣ್ಣವೇ ಕಾಣುತ್ತದೆ, ಆ ದಂಪತಿಯ ಸರಸ ನೋಡಲು ಅಸಹ್ಯ ಎಂದ. ಒಬ್ಬ ಚೆಂದದ ವೆನಿಸ್ಸಿನ ಹುಡುಗಿ ಅಸಲಿ ನೀಗ್ರೋವನ್ನು ಪ್ರೀತಿಸುತ್ತಾಳೆ ಎಂದು ಕಲ್ಪಿಸುವುದೇ ವಿಕಾರ ಎಂದ ಕವಿ ಕೋಲರಿಜ್. ಎಡ್ಮಂಡ್ ಕೀನ್ ಇದಕ್ಕೆ ಉಪಾಯ ಹುಡುಕಿದ. ಕಪ್ಪು ಬಿಟ್ಟು ತಿಳಿ ಕಂದು ಬಣ್ಣ ಹಚ್ಚಿದ. ಜನರಿಗೆ ಹಿಡಿಸಿತು. ಒಥೆಲೊ ಅರಬ್ಬನಂತಾದ, ಸಹ್ಯನಾದ. ಬಣ್ಣ ತೊಳೆದುಕೊಂಡರೆ ಹೋಗುತ್ತದೆ ಎಂಬ ನೆಮ್ಮದಿಯಲ್ಲಿ ಸಭಾಂಗಣ ಅವನ ಪ್ರೀತಿಗೆ ಕಣ್ಣೀರಿಟ್ಟಿತು. ಇಂಥ ಜಾಗಕ್ಕೆ ಐರಾ ಬಂದ.

‘ರೆಡ್ ವೆಲ್ವೆಟ್’ ಶುರುವಾಗುವುದು 1833ರಲ್ಲಲ್ಲ, 1867ರಲ್ಲಿ, ಪೋಲೆಂಡಿನ ಊಚ್ ನಗರದ ಒಂದು ಗ್ರೀನ್ ರೂಮಿನಲ್ಲಿ. ಐರಾಗೆ ಅರವತ್ತು. ಯುರೋಪಿನಾದ್ಯಂತ ಹೆಸರು, ರಾಜರಿಂದ ಪದಕಗಳು. ಮೈಯಲ್ಲಿ ಕಾಯಿಲೆ. ಹಲೀನಾ ಎಂಬ ಪೋಲಿಷ್ ಪತ್ರಕರ್ತೆ ಕದ್ದು ಒಳಗೆ ನುಗ್ಗುತ್ತಾಳೆ, ಗಂಡಸರ ವೃತ್ತಿಯಲ್ಲಿ ಜಾಗ ಮಾಡಿಕೊಳ್ಳಲು ಹೆಣಗುತ್ತಿರುವ ಹುಡುಗಿ. ಇಷ್ಟು ದೊಡ್ಡ ನಟ ಕೋವೆಂಟ್ ಗಾರ್ಡನ್ನಿಗೆ ಮತ್ತೆ ಯಾಕೆ ಹೋಗಲಿಲ್ಲ ಎಂಬುದು ಅವಳ ಪ್ರಶ್ನೆ. ಮುದುಕ ಸಿಡುಕುತ್ತಾನೆ. ಅಲ್ಲಿಂದ ನಾಟಕ ಹಿಂದಕ್ಕೆ ಹೋಗುತ್ತದೆ.

ಕೋವೆಂಟ್ ಗಾರ್ಡನ್ನಿನ ನಟರು ಸೇರಿದ್ದಾರೆ. ಹೊರಗೆ ಬೀದಿಯಲ್ಲಿ ಗುಲಾಮಗಿರಿ ರದ್ದತಿಯ ಗದ್ದಲ. ಅದೇ ವರ್ಷ ಆಗಸ್ಟಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ಕಾಯಿದೆಯನ್ನು ಪಾಸು ಮಾಡಿತು, ಎರಡು ಕೋಟಿ ಪೌಂಡು ಪರಿಹಾರ ಕೊಟ್ಟಿತು, ಮಾಲೀಕರಿಗೆ. ಗುಲಾಮರಿಗೆ ಒಂದು ಕಾಸೂ ಇಲ್ಲ. ಒಳಗೆ ನಟರು ಇದನ್ನೇ ಚರ್ಚಿಸುತ್ತಿದ್ದಾರೆ. ಒಬ್ಬ ರದ್ದತಿಯ ಪರ, ಇನ್ನೊಬ್ಬ ವ್ಯಾಪಾರದ ಪರ. ಇವರೆಲ್ಲರ ನಡುವೆ ಕಾನಿ ಎಂಬ ಜಮೈಕಾದ ಕಪ್ಪು ಹೆಣ್ಣುಮಗಳು ಸುಮ್ಮನೆ ಚಹಾ ಕೊಡುತ್ತಾ ಓಡಾಡುತ್ತಾಳೆ. ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಈ ನಾಟಕದಲ್ಲಿ ನನ್ನನ್ನು ಹೆಚ್ಚು ಕಾಡುವ ಪಾತ್ರ ಇವಳು. ಮಾತು ಕಡಿಮೆ, ಆದರೆ ಇಡೀ ಚರ್ಚೆ ಅವಳ ಬದುಕಿನ ಬಗ್ಗೆಯೇ ನಡೆಯುತ್ತಿದೆ. ನಿರ್ದೇಶಕರು ಇದನ್ನು ಮಾಡುವಾಗ ಅವಳ ನಡಿಗೆಗೆ, ಬಟ್ಟಲು ಇಡುವ ಸದ್ದಿಗೆ, ಯಾವ ಮಾತು ಬಂದಾಗ ಅವಳು ನಿಲ್ಲುತ್ತಾಳೆ ಎಂಬುದಕ್ಕೆ ತಾಲೀಮಿನಲ್ಲಿ ಸಮಯ ಕೊಡಬೇಕು. ಮುಂದೆ ಅವಳು ಐರಾ ಜೊತೆ ಒಂಟಿಯಾಗಿ ಮಾತಾಡುವ ಒಂದು ದೃಶ್ಯ ಇದೆ. ಇವನ ಸಂಭ್ರಮವನ್ನು ಹಂಚಿಕೊಳ್ಳಲು ಅವಳಿಂದ ಆಗುವುದಿಲ್ಲ. ಮುಂದೇನಾಗುತ್ತದೆ ಎಂಬುದು ಅವಳಿಗೆ ಅವನಿಗಿಂತ ಮೊದಲೇ ಗೊತ್ತು.

ಫ್ರಾನ್ಸಿನಿಂದ ಬಂದ ವ್ಯವಸ್ಥಾಪಕ ಪಿಯೆರ್ ಲಾಪೋರ್ಟ್ ಹೊಸ ನಟನ ಹೆಸರು ಹೇಳುತ್ತಾನೆ, ಬಣ್ಣ ಹೇಳುವುದಿಲ್ಲ. ಐರಾ ಬಾಗಿಲಲ್ಲಿ ನಿಂತಾಗ ಎಲ್ಲರ ಮುಖದಲ್ಲಿ ಒಂದು ಕ್ಷಣ ಏನೂ ಇಲ್ಲ. ಚಾರ್ಲ್ಸ್ ಕೀನ್ ಸಿಡಿಯುತ್ತಾನೆ. ಅವನ ವಾದ ಕೇಳಲು ಬಲವಾಗಿಯೇ ಇದೆ. ನಟನೆ ಎಂದರೆ ತಾನಲ್ಲದ್ದು ಆಗುವುದು, ಒಥೆಲೊಗೆ ಕಪ್ಪು ಮನುಷ್ಯನನ್ನೇ ತಂದರೆ ನಾಳೆ ‘ವೆನಿಸ್ಸಿನ ವ್ಯಾಪಾರಿ’ ನಾಟಕದ ಶೈಲಾಕನಿಗೆ ಯಹೂದಿಯನ್ನೇ ತರಬೇಕಾಗುತ್ತದೆ, ಆಗ ಕಲೆ ಎಲ್ಲಿ ಉಳಿಯಿತು ಎನ್ನುತ್ತಾನೆ. ನಮ್ಮಲ್ಲೂ ಎಷ್ಟೋ ಜನ ಇದಕ್ಕೆ ತಲೆದೂಗುತ್ತಾರೆ. ಕಂಪನಿ ನಾಟಕಗಳಲ್ಲಿ ಗಂಡಸರೇ ಸ್ತ್ರೀಪಾತ್ರ ಮಾಡಿ ಜನರ ಮನಸ್ಸು ಗೆದ್ದ ಪರಂಪರೆ ನಮ್ಮದು. ಆರ್. ನಾಗರತ್ನಮ್ಮನವರು 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಹೆಂಗಸರೇ ಕಂಸ, ಭೀಮ ಆಗಿ ಮೆರೆದರು. ಯಾರು ಯಾರ ಪಾತ್ರವನ್ನಾದರೂ ಮಾಡಬಹುದು ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಚಾರ್ಲ್ಸ್ ಹೇಳುತ್ತಿರುವುದು ಅದಲ್ಲ. ಬಿಳಿಯ ಯಾರ ಪಾತ್ರವನ್ನಾದರೂ ಮಾಡಬಹುದು, ಕಪ್ಪು ಮನುಷ್ಯ ತನ್ನ ಪಾತ್ರವನ್ನೂ ಮಾಡುವಂತಿಲ್ಲ ಎಂದು ಅವನು ಹೇಳುತ್ತಿದ್ದಾನೆ. ಕಲೆಯ ಸಿದ್ಧಾಂತ ಒಬ್ಬರಿಗೆ ಬಾಗಿಲು ತೆರೆದು ಇನ್ನೊಬ್ಬರಿಗೆ ಮುಚ್ಚುತ್ತಿದ್ದರೆ ಅಲ್ಲಿ ಕಲೆಗಿಂತ ಬೇರೇನೋ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು. ಚಾರ್ಲ್ಸ್ ನಾಟಕ ಬಿಟ್ಟು ಹೊರಟುಹೋಗುತ್ತಾನೆ.

ಅವನ ಸಂಕಟಕ್ಕೆ ಇನ್ನೊಂದು ಕಾರಣವೂ ಉಂಟು. ಡೆಸ್ಡಿಮೋನ ಪಾತ್ರ ಮಾಡುವ ಎಲೆನ್ ಟ್ರೀ ಅವನು ಮದುವೆಯಾಗಲಿರುವ ಹುಡುಗಿ. ಚರಿತ್ರೆಯಲ್ಲಿ ಇವರಿಬ್ಬರ ಮದುವೆ ನಡೆದದ್ದು 1842ರಲ್ಲಿ. ನಾಟಕಕಾರ್ತಿ ಆ ನಂಟನ್ನು ಹಿಂದಕ್ಕೆಳೆದು ತಂದಿದ್ದಾರೆ. ಹೀಗಾಗಿ ಒಥೆಲೊನೊಳಗಿನ ಹೊಟ್ಟೆಕಿಚ್ಚು ತಾಲೀಮಿನ ಕೋಣೆಗೂ ಇಳಿಯುತ್ತದೆ.

ಈಗ ಕೈಯ ವಿಷಯಕ್ಕೆ ಬರುತ್ತೇನೆ. ತಾಲೀಮಿನ ದೃಶ್ಯ ಈ ನಾಟಕದ ಜೀವ. ಆ ಕಾಲದ ಅಭಿನಯದಲ್ಲಿ ನಟ ನಟಿ ಒಬ್ಬರನ್ನೊಬ್ಬರು ನೋಡುವುದೇ ಅಪರೂಪ. ಇಬ್ಬರೂ ಪ್ರೇಕ್ಷಕರತ್ತ ತಿರುಗಿ, ಕೈ ಒಂದು ಭಂಗಿಯಲ್ಲಿ ಎತ್ತಿ ಹಿಡಿದು, ಮಾತನ್ನು ಸಭಾಂಗಣಕ್ಕೆ ಎಸೆಯಬೇಕು. ಐರಾ ಕರವಸ್ತ್ರದ ದೃಶ್ಯವನ್ನು ಎಲೆನ್ ಜೊತೆ ಅಭ್ಯಾಸ ಮಾಡುತ್ತಾ, ನನ್ನನ್ನು ನೋಡು, ನನ್ನ ಮಾತು ಕೇಳಿಸಿಕೋ, ಆಮೇಲೆ ನಿನ್ನ ಮಾತು ತಾನಾಗಿ ಬರಲಿ ಎನ್ನುತ್ತಾನೆ. ಅವಳು ಮೊದಲು ತಡವರಿಸುತ್ತಾಳೆ. ಆಮೇಲೆ ಹಿಡಿತ ಸಿಗುತ್ತದೆ. ಅವನು ಕೈ ಹಿಡಿಯುತ್ತಾನೆ, ಅವಳು ಬಿಡಿಸಿಕೊಳ್ಳುವುದಿಲ್ಲ. ಇಬ್ಬರು ನಟರು ತಮ್ಮ ಕಸುಬಿನ ಆನಂದದಲ್ಲಿ ಮೈಮರೆಯುವ ಗಳಿಗೆ ಅದು. ಇದು ಪ್ರೇಮವೇ ಎಂದು ನೀವು ಕೇಳಬಹುದು. ಇದು ಇಬ್ಬರು ಕಲಾವಿದರ ನಡುವಿನ ಪ್ರೀತಿ, ಗಂಡುಹೆಣ್ಣಿನ ಪ್ರೇಮಕ್ಕಿಂತ ಕಡಿಮೆಯದೇನಲ್ಲ ಎಂಬುದು ನನ್ನ ಉತ್ತರ. ಆದರೆ ಸುತ್ತ ನಿಂತು ನೋಡುವವರಿಗೆ ಕಾಣುವುದು ಒಂದು ಬಿಳಿ ಕೈ, ಒಂದು ಕಪ್ಪು ಕೈ.

ಪ್ರದರ್ಶನದ ರಾತ್ರಿ ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಇದು ಕಲ್ಪನೆಯಲ್ಲ, ಚರಿತ್ರೆ. ಪತ್ರಿಕೆಗಳು ಮಾತ್ರ ಹಾಗೆ ನೋಡಲಿಲ್ಲ. ‘ಫಿಗಾರೊ ಇನ್ ಲಂಡನ್’ ಎಂಬ ಪತ್ರಿಕೆ ಪ್ರದರ್ಶನಕ್ಕೆ ಮುಂಚೆಯೇ ಅವನನ್ನು ರಂಗದಿಂದ ಓಡಿಸುತ್ತೇವೆ ಎಂದು ಪಣ ತೊಟ್ಟಿತ್ತು. ‘ಅಥೇನಿಯಂ’ ಪತ್ರಿಕೆ ಮಾನಮರ್ಯಾದೆಯ ಹೆಸರಿನಲ್ಲಿ ಪ್ರತಿಭಟಿಸಿತು. ಎಲೆನ್ ಟ್ರೀಯಂಥ ಕುಲೀನ ಹುಡುಗಿಯ ಮೈಮೇಲೆ ವ್ಯಾಲಕ್ಕನ ಕಪ್ಪು ಆಳು ಕೈಯಾಡಿಸುವ ಅವಮಾನಕ್ಕೆ ಅವಳನ್ನು ದೂಡಬಾರದು ಎಂಬುದು ಅದರ ತಕರಾರು. ವ್ಯಾಲಕ್ ಅಂದರೆ ಐರಾ ಅಮೆರಿಕದಿಂದ ಬರುವಾಗ ಯಾರ ಬಳಿ ಕೆಲಸಕ್ಕಿದ್ದನೋ ಆ ನಟರ ಮನೆತನ. ಐರಾನ ಉಚ್ಚಾರ, ನಿಲುವು, ಮಾತಿನ ಏರಿಳಿತ ಎಲ್ಲ ಹಿಂದೆ ಸರಿದವು, ವಿಮರ್ಶಕನ ಕಣ್ಣು ನೆಟ್ಟಿದ್ದು ಕೈಯ ಮೇಲೆ. ಬಣ್ಣ ಹಚ್ಚಿದ ಕೀನ್ ಡೆಸ್ಡಿಮೋನಳನ್ನು ಎಷ್ಟು ಬಾರಿ ಅಪ್ಪಿದ್ದನೋ, ಅದನ್ನು ಯಾರೂ ಅವಮಾನ ಎನ್ನಲಿಲ್ಲ.

ನಾಟಕದಲ್ಲಿ ಈ ವಿಮರ್ಶೆಗಳನ್ನು ರಂಗದ ಮೇಲೆಯೇ ಓದುತ್ತಾರೆ. ಆಮೇಲೆ ಲಾಪೋರ್ಟ್ ಮತ್ತು ಐರಾ ನಡುವೆ ಜಗಳ. ಇಲ್ಲಿ ಲೋಲಿತಾ ಚಕ್ರಬರ್ತಿಯವರು ಸುಲಭದ ದಾರಿ ಹಿಡಿಯುವುದಿಲ್ಲ, ಅದಕ್ಕೇ ನನಗೆ ಅವರ ಮೇಲೆ ಗೌರವ. ಎಲೆನ್‌ಳ ತೋಳಿನ ಮೇಲೆ ಪೆಟ್ಟಿನ ಗುರುತುಗಳಿವೆ. ಕೊನೆಯ ದೃಶ್ಯದಲ್ಲಿ ಐರಾನ ಕೈ ಬಿಗಿಯಾಗಿ ಬಿದ್ದಿದೆ. ಅದು ಪಾತ್ರದ ಆವೇಶವೋ, ತನ್ನನ್ನು ಸಾಬೀತು ಮಾಡಿಯೇ ತೀರುವ ಹಟವೋ? ಸ್ವಲ್ಪ ತಗ್ಗಿ ಆಡು, ಜನ ನಿಧಾನವಾಗಿ ಒಗ್ಗಿಕೊಳ್ಳುತ್ತಾರೆ ಎಂದು ಲಾಪೋರ್ಟ್ ಕೇಳಿಕೊಂಡಿದ್ದ. ಐರಾ ತಗ್ಗಲಿಲ್ಲ. ಜಗಳ ಏರುತ್ತಾ ಏರುತ್ತಾ, ಅಲ್ಲಿಯವರೆಗೆ ಗೆಳೆಯನಾಗಿದ್ದ, ಉದಾರಿಯಾಗಿದ್ದ ಲಾಪೋರ್ಟನ ಬಾಯಿಂದಲೂ ನಿನ್ನೊಳಗಿನ ನಿಜಗುಣ ಹೊರಬಿತ್ತು ಎಂಬ ಧಾಟಿಯ ಮಾತು ಬಂದುಬಿಡುತ್ತದೆ. ವೈರಿಗಳು ಅಂದಾಗ ನೋಯದವನು ಆಗ ಮುರಿಯುತ್ತಾನೆ. ಅದೇ ಬಿಗಿತ ಬಿಳಿ ನಟನದ್ದಾಗಿದ್ದರೆ ಕೀನ್ ಮನೆತನದ ಪ್ರತಿಭಾವೇಶ ಎಂದು ಬರೆಯುತ್ತಿದ್ದರು. ಆದರೂ ಆ ಹುಡುಗಿಯ ತೋಳು ನೊಂದದ್ದು ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಹಿಡಿದು ಕೂರುವಂತೆ ಈ ನಾಟಕ ನಮ್ಮನ್ನು ಒತ್ತಾಯಿಸುತ್ತದೆ.

ನನಗೆ ಒಂದು ತಕರಾರಿದೆ, ಹೇಳಿಬಿಡುತ್ತೇನೆ. ನಾಟಕ ನೋಡಿ ಹೊರಬಂದವರಿಗೆ ಲಂಡನ್ ಆ ಎರಡು ರಾತ್ರಿಗಳಲ್ಲೇ ಅವನಿಗೆ ಶಾಶ್ವತವಾಗಿ ಬಾಗಿಲು ಹಾಕಿತು ಎನ್ನಿಸುತ್ತದೆ. ಚರಿತ್ರೆ ಇನ್ನೂ ಗೋಜಲಾಗಿದೆ. ಆ ಏಪ್ರಿಲ್ಲಿನಲ್ಲಿ ಲಂಡನ್ನಿಗೆ ಇನ್‌ಫ್ಲುಯೆನ್ಸಾ ಜ್ವರ ಬಡಿದಿತ್ತು, ರಂಗಮಂದಿರಗಳು ಖಾಲಿ ಹೊಡೆಯುತ್ತಿದ್ದವು. ಐರಾ ಅದೇ ತಿಂಗಳು ನದಿಯಾಚೆಯ ಸರ್ರೆ ರಂಗಮಂದಿರದಲ್ಲಿ ಆಡಿದ. ಮುಂದೆ 1858ರಲ್ಲಿ ಲಂಡನ್ನಿನ ಲೈಸಿಯಂನಲ್ಲಿ, 1865ರಲ್ಲಿ ಹೇಮಾರ್ಕೆಟ್‌ನಲ್ಲಿ ಒಥೆಲೊ ಆಡಿದ. ಆ ಹೇಮಾರ್ಕೆಟ್ ಪ್ರದರ್ಶನದ ಬಗ್ಗೆ ಒಂದು ಅಪರೂಪದ ಸಾಕ್ಷ್ಯ ಉಳಿದಿದೆ. ಅಲ್ಲಿ ಡೆಸ್ಡಿಮೋನ ಆಗಿದ್ದವಳು ಇನ್ನೂ ಹದಿಹರೆಯದ ಮ್ಯಾಜ್ ರಾಬರ್ಟ್‌ಸನ್, ಮುಂದೆ ಮ್ಯಾಜ್ ಕೆಂಡಲ್ ಎಂದು ಇಂಗ್ಲಿಷ್ ರಂಗಭೂಮಿಯ ದೊಡ್ಡ ನಟಿಯಾದವಳು. ಮುಪ್ಪಿನಲ್ಲಿ ಬರೆಸಿದ ಆತ್ಮಕತೆಯಲ್ಲಿ ಅವಳು ನೆನೆಯುತ್ತಾಳೆ: ಕೈ ಕೊಡು ಎಂದು ಒಥೆಲೊ ಡೆಸ್ಡಿಮೋನಳನ್ನು ಕೇಳುವ ಮಾತು ಬಂದಾಗ ಆಲ್ಡ್ರಿಜ್ ತನ್ನ ಅಂಗೈಯನ್ನು ಅಗಲವಾಗಿ ತೆರೆದು, ಅವಳ ಕೈಯನ್ನು ಅದರ ಮೇಲೆ ಇಡಿಸಿಕೊಳ್ಳುತ್ತಿದ್ದ, ಎರಡು ಬಣ್ಣಗಳು ಪ್ರೇಕ್ಷಕರಿಗೆ ಕಾಣುವಂತೆ. ಪ್ರತಿ ಸಲವೂ ಅಲ್ಲಿ ಚಪ್ಪಾಳೆ ಬೀಳುತ್ತಿತ್ತಂತೆ.

ಇದನ್ನು ಮೊದಲು ಓದಿದಾಗ ನನಗೆ ಮೈ ಜುಂ ಎಂದಿತು. 1833ರಲ್ಲಿ ಯಾವ ಸ್ಪರ್ಶವನ್ನು ಹಿಡಿದು ಅವನ ಮುಖಕ್ಕೆ ಉಗುಳಿದರೋ, ಮೂವತ್ತೆರಡು ವರ್ಷಗಳ ನಂತರ ಅದೇ ಸ್ಪರ್ಶವನ್ನು ಅವನು ಬೆಳಕಿನ ನಟ್ಟನಡುವೆ ತಂದು ನಿಲ್ಲಿಸಿದ್ದ. ಬಚ್ಚಿಡಲಿಲ್ಲ, ತಗ್ಗಲಿಲ್ಲ. ಅದೇ ಮ್ಯಾಜ್ ಇನ್ನೊಂದು ಮಾತನ್ನೂ ಹೇಳಿದ್ದಾಳೆ. ಕೊನೆಯ ದೃಶ್ಯದಲ್ಲಿ ಅವನು ಡೆಸ್ಡಿಮೋನಳನ್ನು ಕೂದಲು ಹಿಡಿದು ಮಂಚದಿಂದ ಎಳೆದಾಡುತ್ತಿದ್ದ, ಅದು ಕ್ರೂರ ಎನ್ನಿಸಿ ಜನ ಗಟ್ಟಿಯಾಗಿ ಧಿಕ್ಕಾರದ ಸದ್ದು ಮಾಡುತ್ತಿದ್ದರು. ಹಾಗಾಗಿ ‘ರೆಡ್ ವೆಲ್ವೆಟ್’ನಲ್ಲಿ ಕಾಣುವ ಆ ಪೆಟ್ಟಿನ ಗುರುತು ಚರಿತ್ರೆಗೆ ದೂರದ್ದಲ್ಲ.

ಇದೇ ಕತೆ ನಮ್ಮ ದೇಶದಲ್ಲೂ ಒಮ್ಮೆ ನಡೆದಿದೆ. 1848ರ ಆಗಸ್ಟಿನಲ್ಲಿ ಕಲ್ಕತ್ತೆಯ ಸಾನ್ ಸೂಸಿ ರಂಗಮಂದಿರದಲ್ಲಿ ವೈಷ್ಣವಚರಣ ಆಢ್ಯ ಎಂಬ ಬಂಗಾಳಿ ಯುವಕ ಇಂಗ್ಲಿಷಿನಲ್ಲಿ ಒಥೆಲೊ ಪಾತ್ರ ಮಾಡಿದ. ಅದು ಇಂಗ್ಲಿಷರು ಇಂಗ್ಲಿಷರಿಗಾಗಿ ನಡೆಸುತ್ತಿದ್ದ ರಂಗಮಂದಿರ. ಡೆಸ್ಡಿಮೋನ ಒಬ್ಬ ಇಂಗ್ಲಿಷ್ ಹೆಣ್ಣುಮಗಳು. ಮೊದಲು ಗೊತ್ತುಮಾಡಿದ ದಿನ ಪ್ರದರ್ಶನ ನಡೆಯಲಿಲ್ಲ, ಅದರಲ್ಲಿ ಪಾತ್ರ ಮಾಡಬೇಕಿದ್ದ ಸೈನಿಕರನ್ನು ಅವರ ಮೇಲಧಿಕಾರಿ ತಡೆದುಬಿಟ್ಟ. ಒಂದು ವಾರದ ನಂತರ ಹೇಗೋ ನಡೆಯಿತು. ಐರಾನ ಎರಡು ರಾತ್ರಿಗಳಿಗೂ ಇದಕ್ಕೂ ನಡುವೆ ಹದಿನೈದು ವರ್ಷ, ಒಂದು ಸಾಗರ.

ಕನ್ನಡಕ್ಕೂ ಒಥೆಲೊ ಆ ಶತಮಾನದಲ್ಲೇ ಬಂದ. ಮೈಸೂರಿನ ಬಸವಪ್ಪ ಶಾಸ್ತ್ರಿಗಳು ‘ಶಾಕುಂತಲ’ವನ್ನು ಕನ್ನಡಿಸಿದ ಹಾಗೆಯೇ ಒಥೆಲೊ ಕತೆಯನ್ನು ‘ಶೂರಸೇನ ಚರಿತ್ರೆ’ಯಾಗಿ ಮಾಡಿದರು. ಹೆಸರುಗಳೆಲ್ಲ ನಮ್ಮವಾದವು.

ಇನ್ನೊಂದು ಕೈ ಹಿಡಿಯುವಿಕೆ ನಮ್ಮ ಕಾಲಕ್ಕೆ ಹತ್ತಿರದ್ದು. ದಕ್ಷಿಣ ಆಫ್ರಿಕದಲ್ಲಿ ಕರಿಯರು ಬಿಳಿಯರು ಪ್ರೀತಿಸುವುದನ್ನು ಅಪರಾಧ ಮಾಡಿದ್ದ ಕಾನೂನು ರದ್ದಾದದ್ದು 1985ರಲ್ಲಿ. 1987ರಲ್ಲಿ ಜೊಹಾನ್ಸ್‌ಬರ್ಗಿನ ಮಾರ್ಕೆಟ್ ಥಿಯೇಟರಿನಲ್ಲಿ ಜಾನೆಟ್ ಸುಜ್‌ಮನ್ ಒಥೆಲೊ ಆಡಿಸಿದರು. ಕಪ್ಪು ನಟ ಜಾನ್ ಕಾನಿ ಒಥೆಲೊ. ವರ್ಣಭೇದದ ಸರಕಾರ ಇನ್ನೂ ಗಟ್ಟಿಯಾಗಿ ಕೂತಿದ್ದ ಕಾಲ. ಒಥೆಲೊ ಡೆಸ್ಡಿಮೋನಳನ್ನು ಮುದ್ದಿಸುವಾಗ ಎದ್ದು ಹೊರನಡೆದವರಿದ್ದರು. ಕೋವೆಂಟ್ ಗಾರ್ಡನ್ನಿನ ಆ ಎರಡು ರಾತ್ರಿಗಳು ಕಳೆದು ಆಗ ನೂರ ಐವತ್ತನಾಲ್ಕು ವರ್ಷ.

ಮತ್ತೆ ಊಚ್ ನಗರದ ಆ ಗ್ರೀನ್ ರೂಮಿಗೆ ಬರೋಣ, ‘ರೆಡ್ ವೆಲ್ವೆಟ್’ ಮುಗಿಯುವುದು ಅಲ್ಲೇ. ಆ ರಾತ್ರಿ ಐರಾ ಆಡಬೇಕಿರುವುದು ಲಿಯರ್ ದೊರೆಯ ಪಾತ್ರ. ಕನ್ನಡಿಯ ಮುಂದೆ ಕೂತು ಮುಖಕ್ಕೆ ಬಿಳಿ ಬಣ್ಣ ಹಚ್ಚಿಕೊಳ್ಳುತ್ತಾನೆ. ನಿಜವಾಗಿಯೂ ಅವನು ಹೀಗೆ ಮಾಡುತ್ತಿದ್ದ. ಲಿಯರ್, ಶೈಲಾಕ್, ಮ್ಯಾಕ್‌ಬೆತ್ ಪಾತ್ರಗಳನ್ನು ಬಿಳಿ ಬಣ್ಣ ಹಚ್ಚಿ ಯುರೋಪಿನಾದ್ಯಂತ ಆಡಿದ. 1858ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋ‍ದಾಗ ಉಕ್ರೇನಿನ ಕವಿ ತರಾಸ್ ಶೆವ್ಚೆಂಕೊ ಅವನಿಗೆ ಆಪ್ತ ಗೆಳೆಯನಾದ. ಜೀತದವರ ಮನೆಯಲ್ಲಿ ಹುಟ್ಟಿ ಬಿಡುಗಡೆ ಪಡೆದಿದ್ದ ಕವಿ ಅವನು. ಐರಾನ ಚಿತ್ರವನ್ನೂ ಬರೆದ. ಫ್ರೆಂಚ್ ಲೇಖಕ ಥಿಯೋಫಿಲ್ ಗೋತಿಯೆ ಅಲ್ಲಿ ಅವನ ಒಥೆಲೊ ನೋಡಿದ. ಆರ್ಭಟದ, ಸ್ವಲ್ಪ ಕಾಡು ಎನ್ನಿಸುವಂಥ ಅಭಿನಯ ಕಾಣಬಹುದು ಎಂದುಕೊಂಡು ಹೋದವನಿಗೆ ಸಿಕ್ಕಿದ್ದು ಗಂಭೀರವಾದ, ಶಾಸ್ತ್ರೀಯವಾದ ಅಭಿನಯ. ಲಿಯರ್ ನೋಡಿದಾಗ, ತನ್ನ ತಂದೆ ಕಪ್ಪು ಮನುಷ್ಯ ಎಂದು ಕಾರ್ಡೀಲಿಯಾಗೂ ಸಂಶಯ ಬರುತ್ತಿರಲಿಲ್ಲ ಎಂದು ಆ ಪ್ರಸಾಧನವನ್ನು ಮೆಚ್ಚಿ ಬರೆದ.

ಆ ಬಿಳಿ ಬಣ್ಣವನ್ನು ಸೋಲು ಎಂದು ಓದುವವರಿದ್ದಾರೆ. ನಾನು ಹಾಗೆ ಓದಲಾರೆ. ಲಿಯರ್ ಆಡುವುದು ಅವನ ಹಕ್ಕಾಗಿತ್ತು, ಯಾವ ದೊಡ್ಡ ನಟನಿಗೂ ಇರುವ ಹಾಗೆ. ಆದರೆ ಕಪ್ಪು ಮುಖದ ಲಿಯರನನ್ನು ನೋಡಲು ಆಗ ಯಾರೂ ತಯಾರಿರಲಿಲ್ಲ. ಒಥೆಲೊಗೆ ಬಣ್ಣ ಬೇಕಿಲ್ಲದವನು ಮಿಕ್ಕ ಎಲ್ಲಕ್ಕೂ ಬಣ್ಣ ತೆರಬೇಕಾಯಿತು. ರಂಗದ ಮೇಲೆ ಆ ಬಣ್ಣ ಹಚ್ಚುವ ಹೊತ್ತು ಅಭಿಮಾನ, ಸಿಟ್ಟು, ದುಃಖ ಎಲ್ಲವನ್ನೂ ಒಟ್ಟಿಗೆ ಹಿಡಿದಿಟ್ಟಿರುತ್ತದೆ. 1867ರ ಆಗಸ್ಟ್ 7ರಂದು ಅವನು ಊಚ್‌ನಲ್ಲಿ ತೀರಿಕೊಂಡ. ಅವನ ಸಮಾಧಿ ಅಲ್ಲೇ ಇದೆ. ಮಗಳು ಅಮಾಂಡಾ ಗಾಯಕಿಯಾದಳು, ಸಂಗೀತ ಕಲಿಸಿದಳು. 1930ರಲ್ಲಿ ಲಂಡನ್ನಿನಲ್ಲಿ ಅಮೆರಿಕದ ಕಪ್ಪು ನಟ, ಗಾಯಕ ಪಾಲ್ ರಾಬ್ಸನ್ ಒಥೆಲೊ ಆಗಿ ನಿಂತಾಗ ಮಾತಿನ ಉಚ್ಚಾರಕ್ಕೆ ಪಾಠ ಹೇಳಿದವಳು ಅವಳೇ. ಅವಳ ತಂದೆಯ ತುಟಿಯ ಬಗ್ಗೆ ‘ಟೈಮ್ಸ್’ ಬರೆದ ಮಾತನ್ನು ಇಲ್ಲಿ ಮತ್ತೊಮ್ಮೆ ನೆನೆಯಿರಿ.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಕೇಳಿದರು: ಈ ನಾಟಕವನ್ನು ಕನ್ನಡದಲ್ಲಿ ಆಡಿದರೆ ಐರಾ ಪಾತ್ರ ಯಾರು ಮಾಡಬೇಕು? ಮುಖಕ್ಕೆ ಮಸಿ ಹಚ್ಚಬಹುದೇ?

ಖಂಡಿತ ಹಚ್ಚಬಾರದು. ಈ ನಾಟಕಕ್ಕೆ ಮಸಿ ಹಚ್ಚಿದರೆ ನಾವು ಚಾರ್ಲ್ಸ್ ಕೀನನ ಪಕ್ಷ ಸೇರಿದ ಹಾಗೆ. ಹಾಗಾದರೆ ಯಾರು? ಉತ್ತರ ದೂರದಲ್ಲಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲದ ಕಾಡಂಚಿನಲ್ಲಿ ಸಿದ್ದಿಯರಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವಾಕ್ಕೆ ಗುಲಾಮರಾಗಿ ಬಂದವರ ಸಂತತಿ ಅವರಲ್ಲಿದೆ. ಕನ್ನಡ ಅವರ ನಾಲಿಗೆಯ ಮೇಲಿದೆ. ರಂಗಭೂಮಿಯೂ ಅವರಿಗೆ ಹೊಸದಲ್ಲ. 1980ರ ದಶಕದಲ್ಲಿ ನೈಜೀರಿಯಾದ ಲೇಖಕ ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಚಿದಂಬರರಾವ್ ಜಂಬೆಯವರು ಮಂಚಿಕೇರಿಯಲ್ಲಿ ಸಿದ್ದಿಯರಿಂದಲೇ ಆಡಿಸಿದ್ದರು. ಆಮೇಲೆ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿಯವರಂಥ ಕಲಾವಿದರು ನೀನಾಸಮ್ ರಂಗಶಾಲೆಯಲ್ಲಿ ಕಲಿತು ಬಂದಿದ್ದಾರೆ. ಅವರ ಬಾಯಲ್ಲಿ ಐರಾನ ಮಾತು ಕನ್ನಡದಲ್ಲಿ ಕೇಳಬೇಕೆಂಬ ಆಸೆ ನನಗೆ ಬಹಳ ಇದೆ.

ಆದರೆ ಒಂದು ಷರತ್ತು. ಸಿದ್ದಿ ನಟನಿಗೆ ಐರಾ ಪಾತ್ರ ಕೊಟ್ಟು, ಅದೊಂದೇ ಪಾತ್ರಕ್ಕೆ ಅವನು ಲಾಯಕ್ಕು ಎಂದು ಕಳಿಸಿಬಿಡಬಾರದು. ಐರಾ ಬೇಡಿದ್ದು ಒಥೆಲೊ ಒಂದನ್ನೇ ಅಲ್ಲ. ಅದೇ ತಂಡ, ಅದೇ ವರ್ಷದ ತಿರುಗಾಟದಲ್ಲಿ, ಅದೇ ನಟನಿಂದ ದುಷ್ಯಂತನನ್ನೂ ಆಡಿಸಲಿ, ಬಿಳಿಯೂ ಬೇಡ ಕಪ್ಪೂ ಬೇಡ, ಅವನದೇ ಮೈಬಣ್ಣದಲ್ಲಿ. ಅವನು ಶಕುಂತಲೆಯ ಕೈ ಹಿಡಿಯುವಾಗ ನಮ್ಮ ಊರಿನ ಜನ ಏನನ್ನುತ್ತಾರೆ ಎಂದು ಮುಂದಿನ ಸಾಲಿನಲ್ಲಿ ಕೂತು ನೋಡಲು ನಾನು ಬರುತ್ತೇನೆ. ಟಿಕೆಟ್ಟು ಕೊಂಡೇ ಬರುತ್ತೇನೆ.